ಕಂಪನಿ ಕೆಲಸಕ್ಕೆ ವಿಮಾನ: ಕೊಳ್ಳುವುದೋ, ಬಾಡಿಗೆಗೆ ಹಿಡಿಯುವುದೋ, ಟಿಕೆಟ್ ತೆಗೆಯುವುದೋ?

ನಾನು ಲೆಕ್ಕಪತ್ರದ ಕಡೆಯವನು. ಪೀಣ್ಯದ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷ ಹಣಕಾಸು ನೋಡಿಕೊಂಡಿದ್ದೆ. ನಮ್ಮ ದೊಡ್ಡ ಗಿರಾಕಿಗಳೆಲ್ಲ ಇದ್ದದ್ದು ಎರಡು ಕಡೆ: ಬೆಳಗಾವಿಯ ಫೌಂಡ್ರಿಗಳು, ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳು. ಒಮ್ಮೆ ಬೋರ್ಡ್ ಮೀಟಿಂಗ್‌ನಲ್ಲಿ ನಿರ್ದೇಶಕರೊಬ್ಬರು "ತಿಂಗಳಿಗೆ ಹತ್ತು ದಿನ ಓಡಾಟದಲ್ಲೇ ಹೋಗ್ತಿದೆ, ನಾವೂ ಒಂದು ವಿಮಾನ ಯಾಕೆ ತಗೋಬಾರದು?" ಅಂದರು. ಯಾರೂ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಮುಂದಿನ ಸಭೆಗೆ ಲೆಕ್ಕ ತನ್ನಿ ಎಂದು ನನಗೆ ವಹಿಸಿದರು. ಆಗ ಕಲಿತದ್ದು, ಆಮೇಲೆ ಚಾರ್ಟರ್, ಅಂದರೆ ಬಾಡಿಗೆ ವಿಮಾನ, ಹಿಡಿದು ಹಿಡಿದು ತಿದ್ದಿಕೊಂಡದ್ದು ಎರಡನ್ನೂ ಇಲ್ಲಿ ಬರೆದಿದ್ದೇನೆ. ಇಂಥದೇ ಪ್ರಶ್ನೆ ನಿಮ್ಮ ಮೇಜಿಗೂ ಬಂದಿದ್ದರೆ ಉಪಯೋಗವಾಗಬಹುದು.

ಮೊದಲಿಗೇ ಒಂದು ಎಚ್ಚರಿಕೆ. ಖಾಸಗಿ ಜೆಟ್ ಪರವಾಗಿ ಓದಲು ಸಿಗುವ ವಾದಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ಹುಟ್ಟಿದವು. ಅಲ್ಲಿ ಸಾರ್ವಜನಿಕ ಬಳಕೆಯ ಸುಮಾರು 5,000 ವಿಮಾನ ನಿಲ್ದಾಣಗಳಿವೆ, ಏರ್‌ಲೈನ್‌ಗಳು ಇಳಿಯುವುದು ಅವುಗಳಲ್ಲಿ ಸುಮಾರು 500ರಲ್ಲಿ. ಅಂದರೆ ಚಿಕ್ಕ ವಿಮಾನ ಇರುವವನಿಗೆ ಹತ್ತು ಪಟ್ಟು ಊರುಗಳ ಬಾಗಿಲು ತೆರೆದಿರುತ್ತದೆ. ನಮ್ಮಲ್ಲಿ ಹಾಗಿಲ್ಲ. ರಾಯಚೂರಿಗೆ ಹೋಗಬೇಕಾದವನು ಎಂಥ ಜೆಟ್ ಇಟ್ಟುಕೊಂಡರೂ ಬೇರೆ ಊರಿನಲ್ಲಿ ಇಳಿದು ಕಾರು ಹತ್ತಬೇಕು. ಇಲ್ಲಿ ಚಿಕ್ಕ ವಿಮಾನದಿಂದ ಲಾಭ ಬರುವುದು ಬೇರೆ ಕಾರಣಕ್ಕೆ: ಎರಡು ಸಣ್ಣ ಊರುಗಳ ನಡುವೆ ನೇರ ವಿಮಾನ ಇರುವುದಿಲ್ಲ, ಇದ್ದರೂ ಇವತ್ತು ಇದ್ದದ್ದು ಮುಂದಿನ ವರ್ಷ ಇರುತ್ತದೆಂಬ ಖಾತ್ರಿ ಇಲ್ಲ. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಡಿ ಏರ್‌ಲೈನ್‌ಗೆ ನಷ್ಟ ತುಂಬಿಕೊಡುವುದು ಮೂರು ವರ್ಷಕ್ಕೆ ಮಾತ್ರ. ಆ ಅವಧಿ ಮುಗಿದ ಮೇಲೆ ಹಾರಾಟ ನಿಂತ ಮಾರ್ಗಗಳು ದೇಶದಲ್ಲಿ ಬೇಕಾದಷ್ಟಿವೆ.

ಒಂದು ದಿನದ ಲೆಕ್ಕ

ನಮ್ಮ ಮಾರ್ಗವನ್ನೇ ತೆಗೆದುಕೊಳ್ಳೋಣ. ಏಳು ಜನ, ಬೆಳಿಗ್ಗೆ ಬೆಂಗಳೂರಿನಿಂದ ಬೆಳಗಾವಿ, ಮಧ್ಯಾಹ್ನ ಅಲ್ಲಿಂದ ಕಲಬುರಗಿ, ಸಂಜೆ ವಾಪಸ್ ಬೆಂಗಳೂರು. ಆಕಾಶದಲ್ಲಿ ಬೆಂಗಳೂರಿನಿಂದ ಬೆಳಗಾವಿಗೆ ಸುಮಾರು 460 ಕಿ.ಮೀ., ಬೆಳಗಾವಿಯಿಂದ ಕಲಬುರಗಿಗೆ 300, ಕಲಬುರಗಿಯಿಂದ ಬೆಂಗಳೂರಿಗೆ 490. ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿ ಹಾರುವ ಕಿಂಗ್ ಏರ್ ತರಹದ ಟರ್ಬೊಪ್ರಾಪ್‌ಗೆ (ಪ್ರೊಪೆಲ್ಲರ್ ಇರುವ ಚಿಕ್ಕ ವಿಮಾನ) ರನ್‌ವೇ ಓಡಾಟವೂ ಸೇರಿ ಮೂರೂವರೆ ಗಂಟೆ. ಗಂಟೆಗೆ ₹1.5 ಲಕ್ಷ ಎಂದು ಇಟ್ಟುಕೊಂಡರೆ ₹5.25 ಲಕ್ಷ. ಲ್ಯಾಂಡಿಂಗ್, ಗ್ರೌಂಡ್ ಹ್ಯಾಂಡ್ಲಿಂಗ್ ಇತ್ಯಾದಿಗೆ ಅರ್ಧ ಲಕ್ಷ. ಅದರ ಮೇಲೆ 18% ಜಿಎಸ್‌ಟಿ. ಒಟ್ಟು ₹6.8 ಲಕ್ಷ ಹತ್ತಿರ.

ಇದೇ ಕೆಲಸ ಮಾಮೂಲಿ ದಾರಿಯಲ್ಲಿ: ಬೆಳಗಾವಿಗೆ ವಿಮಾನ, ಅಲ್ಲಿ ಒಂದು ರಾತ್ರಿ, ವಿಜಯಪುರದ ಮೇಲೆ ಕಲಬುರಗಿಗೆ ಒಂದು ದಿನ ಪೂರ್ತಿ ಕಾರು, ಮಾರನೆ ದಿನ ಕೆಲಸ ಮುಗಿಸಿ ರಾತ್ರಿ ರೈಲು. ಮೂರು ದಿನ. ಏಳು ಜನಕ್ಕೆ ಟಿಕೆಟ್, ಹೋಟೆಲ್, ಕಾರು, ಊಟ ಎಲ್ಲ ಸೇರಿ ₹1.6 ಲಕ್ಷ ಎಂದು ಇಟ್ಟುಕೊಳ್ಳಿ. ವ್ಯತ್ಯಾಸ ₹5.2 ಲಕ್ಷ. ಉಳಿದದ್ದು ತಲೆಗೆ ಎರಡು ದಿನ, ಏಳು ಜನಕ್ಕೆ ಹದಿನಾಲ್ಕು ದಿನ. ಒಂದು ದಿನ ಉಳಿಸಲು ಕೊಟ್ಟದ್ದು ₹37,000.

ಇನ್ನು ಕೇಳಬೇಕಾದ ಪ್ರಶ್ನೆ ಒಂದೇ: ಈ ಏಳು ಜನರ ಒಂದು ದಿನ ಸರಾಸರಿ ₹37,000 ಬೆಲೆ ಬಾಳುತ್ತದೆಯೇ? ವರ್ಷಕ್ಕೆ 240 ಕೆಲಸದ ದಿನ ಹಿಡಿದರೆ ಅದು ವರ್ಷಕ್ಕೆ ₹89 ಲಕ್ಷದ ಸಂಬಳ. ಏಳೂ ಜನರ ಸರಾಸರಿ ಅಷ್ಟಿರುವ ತಂಡ ಎಷ್ಟು ಕಂಪನಿಗಳಲ್ಲಿದೆ? ನಮ್ಮಲ್ಲಿ ಇರಲಿಲ್ಲ. ಸಂಬಳದ ಲೆಕ್ಕದಲ್ಲಿ ಚಾರ್ಟರ್ ಸೋತಿತು. ಅದನ್ನು ಹಾಗೆಯೇ ಬೋರ್ಡ್‌ಗೆ ಹೇಳಿದೆ.

ವಿಮಾನ ಮಾರುವವರು ಇಲ್ಲಿ ಒಂದು ಕೈಚಳಕ ಮಾಡುತ್ತಾರೆ. ಎಂಡಿಯ ಒಂದು ಗಂಟೆಯ ಬೆಲೆಯನ್ನಷ್ಟೇ ತೆಗೆದುಕೊಂಡು, ಅದನ್ನು ಉಳಿತಾಯವಾದ ಗಂಟೆಗಳಿಂದ ಗುಣಿಸಿ ತೋರಿಸುತ್ತಾರೆ. ಜೊತೆಗೆ ಕೂತ ಆರು ಜನರ ಲೆಕ್ಕ ಮಾಯ, ಕಾರಿನಲ್ಲಿ ಕೂತಾಗಲೂ ಎಂಡಿ ಫೋನಿನಲ್ಲಿ ಅರ್ಧ ಕೆಲಸ ಮಾಡುತ್ತಾರೆ ಎಂಬುದೂ ಮಾಯ. ಇಡೀ ತಂಡದ ದಿನಗಳನ್ನು ಲೆಕ್ಕಕ್ಕೆ ಹಿಡಿಯಿರಿ, ಅರ್ಧ ಕೆಲಸ ಆಗುವ ದಿನವನ್ನು ಅರ್ಧ ಎಂದೇ ಬರೆಯಿರಿ.

ಇನ್ನೊಂದು ಮಾಯವಾಗುವ ಸಾಲು, ಖಾಲಿ ಹಾರಾಟ. ಆ ದಿನ ಬೆಂಗಳೂರಿನಲ್ಲಿ ವಿಮಾನ ಸಿಗದೆ ಹೈದರಾಬಾದಿನಿಂದ ತರಿಸಿದರೆ, ಅದು ಖಾಲಿ ಬಂದದ್ದು, ಖಾಲಿ ಹೋದದ್ದು ಎರಡೂ ನಿಮ್ಮ ಬಿಲ್ಲಿಗೇ. ಹೋಗಿಬರಲು ಸುಮಾರು 2.4 ಗಂಟೆ, ಜಿಎಸ್‌ಟಿ ಸೇರಿ ₹4.25 ಲಕ್ಷ ಹೆಚ್ಚು. ಉಳಿಸಿದ ಒಂದೊಂದು ದಿನದ ಬೆಲೆ ₹37,000ದಿಂದ ₹67,500ಕ್ಕೆ ಏರುತ್ತದೆ. ಆದ್ದರಿಂದ ಚಾರ್ಟರ್ ಕಂಪನಿಗೆ ದರ ಕೇಳುವ ಮೊದಲು "ವಿಮಾನ ಎಲ್ಲಿ ನಿಂತಿದೆ?" ಎಂದು ಕೇಳಿ. ಗಂಟೆಯ ದರದಲ್ಲಿ ಚೌಕಾಸಿ ಮಾಡಿ ಉಳಿಸುವುದಕ್ಕಿಂತ ಹೆಚ್ಚು ಹಣ ಈ ಒಂದು ಪ್ರಶ್ನೆಯಲ್ಲಿ ಉಳಿಯುತ್ತದೆ.

ಹಾಗಾದರೆ ಚಾರ್ಟರ್ ಯಾವಾಗ?

ಸಂಬಳದ ಲೆಕ್ಕದಲ್ಲಿ ಸೋತರೂ ನಾವು ಕೆಲವು ಸಲ ಹಿಡಿದೆವು, ಹಿಡಿದದ್ದು ಸರಿಯೂ ಆಗಿತ್ತು. ಸಿಮೆಂಟ್ ಕಾರ್ಖಾನೆಯ ಕಿಲ್ನ್, ಅಂದರೆ ಸುಣ್ಣದಕಲ್ಲು ಸುಡುವ ಕುಲುಮೆ, ನಿಂತಾಗ ಗಿರಾಕಿಗೆ ಪ್ರತಿ ಗಂಟೆಯೂ ನಷ್ಟ. ನಮ್ಮ ಇಬ್ಬರು ಫಿಟ್ಟರ್‌ಗಳು ಮತ್ತು ಒಂದು ಬಿಡಿಭಾಗ ಮಧ್ಯಾಹ್ನದೊಳಗೆ ಸೇಡಂ ಮುಟ್ಟಿದರೆ ಮುಂದಿನ ಮೂರು ವರ್ಷದ ಗುತ್ತಿಗೆ ಗಟ್ಟಿ. ಅಲ್ಲಿ ಯಾರ ಸಂಬಳ ಎಷ್ಟು ಎಂಬ ಮಾತೇ ಬರುವುದಿಲ್ಲ. ಅಂದು ವಿಮಾನದಲ್ಲಿ ಕೂತವರು ನಿರ್ದೇಶಕರಲ್ಲ, ಎಣ್ಣೆ ಹತ್ತಿದ ಶರ್ಟಿನ ಫಿಟ್ಟರ್‌ಗಳು. ಖಾಸಗಿ ವಿಮಾನ ಅಧಿಕಾರಿಗಳಿಗೆ ಎಂಬ ಕಲ್ಪನೆಯನ್ನೇ ಬಿಟ್ಟುಬಿಡಿ. ಯಾರು ತಲುಪಿದರೆ ಕೆಲಸ ಆಗುತ್ತದೋ ಅವರಿಗೆ ಅದು.

ಎರಡನೆಯದು ಗುಟ್ಟು. ಕಂಪನಿ ಕೊಳ್ಳುವ, ಮಾರುವ ಮಾತುಕತೆ ನಡೆಯುವಾಗ ಬೆಂಗಳೂರು–ಮುಂಬೈ ಬೆಳಗಿನ ವಿಮಾನದಲ್ಲಿ ಲ್ಯಾಪ್‌ಟಾಪ್ ತೆರೆಯುವುದೇ ಅಪಾಯ. ಹಿಂದಿನ ಸೀಟಿನಲ್ಲಿ ಸ್ಪರ್ಧಿ ಕಂಪನಿಯವರೇ ಕೂತಿರುವುದು ಆ ಮಾರ್ಗದಲ್ಲಿ ಅಪರೂಪವಲ್ಲ.

ಮೂರನೆಯದು, ಒಂದೇ ದಿನ ಮೂರು ಊರು. ಒಂದೇ ಊರಿಗೆ ಹೋಗಿಬರುವುದಾದರೆ ಮೊದಲು ರೈಲು, ಟಿಕೆಟ್ ವಿಮಾನಗಳನ್ನೇ ನೋಡಿ. ಕಲಬುರಗಿಗೆ, ಧಾರವಾಡ, ಬೆಳಗಾವಿಗೆ ವಂದೇ ಭಾರತ್ ಇದೆ. ಹೊಸಪೇಟೆ, ಬಳ್ಳಾರಿ ಕಡೆಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ಅಲ್ಲಿ. ಮಲಗಿ ಕಳೆದ ರಾತ್ರಿಗೆ ಕೆಲಸದ ದಿನ ಖರ್ಚಾಗುವುದಿಲ್ಲ.

ದೆಹಲಿ, ಮುಂಬೈಗೆ ದಿನಕ್ಕೆ ಹತ್ತಾರು ವಿಮಾನಗಳಿರುವಾಗ ಚಾರ್ಟರ್ ಮಾತು ಬೇಡವೇ ಬೇಡ. ಬಿಸಿನೆಸ್ ಕ್ಲಾಸ್ ಟಿಕೆಟ್‌ನ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12%ರಿಂದ 18%ಕ್ಕೆ ಏರಿದೆ, ಎಕಾನಮಿಗೆ 5% ಇದೆ. ಆದರೂ ಅದು ಚಾರ್ಟರ್‌ನ ಹತ್ತಿರಕ್ಕೂ ಬರುವುದಿಲ್ಲ. ವಿದೇಶಕ್ಕಂತೂ ದೂರವೇ ಉತ್ತರ ಹೇಳುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ. ಗಲ್ಫ್‌ಸ್ಟ್ರೀಮ್ ಜಿ650ಯಂಥ ದುಬಾರಿ ಜೆಟ್‌ನ ವ್ಯಾಪ್ತಿಯೇ ಸುಮಾರು 13,000 ಕಿ.ಮೀ., ಎಣ್ಣೆಗೆ ಎಲ್ಲೋ ಇಳಿಯಲೇಬೇಕು. ಏರ್ ಇಂಡಿಯಾ 2021ರ ಜನವರಿಯಲ್ಲಿ ಶುರುಮಾಡಿದ ವಿಮಾನ ಅದೇ ದೂರವನ್ನು ಒಂದೇ ಉಸಿರಿಗೆ ಹಾರಿತ್ತು.

ಜೆಟ್ಟೋ, ಟರ್ಬೊಪ್ರಾಪೋ?

460 ಕಿ.ಮೀ. ಹಾರಾಟದಲ್ಲಿ ಜೆಟ್ ಉಳಿಸುವುದು ಹದಿನೈದು–ಇಪ್ಪತ್ತು ನಿಮಿಷ. ಅದಕ್ಕೆ ಗಂಟೆಗೆ ಹೆಚ್ಚುಕಡಿಮೆ ಎರಡು ಪಟ್ಟು ಕೊಡುವುದು ನನ್ನ ಪ್ರಕಾರ ದುಂದು. ಟರ್ಬೊಪ್ರಾಪ್‌ಗೆ ಚಿಕ್ಕ ರನ್‌ವೇ ಸಾಕು. ಮೈಸೂರಿನ ರನ್‌ವೇ 1,740 ಮೀಟರ್, ಅಲ್ಲಿ ಕಿಂಗ್ ಏರ್ ಆರಾಮವಾಗಿ ಇಳಿಯುತ್ತದೆ. 2023ರಲ್ಲಿ ತೆರೆದ ಶಿವಮೊಗ್ಗದ್ದು ಮೂರು ಕಿ.ಮೀ.ಗೂ ಉದ್ದ, ಅಲ್ಲಿ ಯಾವುದಾದರೂ ಸೈ. ಕರ್ನಾಟಕದೊಳಗೆ, ಹೈದರಾಬಾದ್, ಚೆನ್ನೈ, ಕೊಚ್ಚಿವರೆಗೆ ಟರ್ಬೊಪ್ರಾಪ್ ಸಾಕು. ಸಾವಿರ ಕಿ.ಮೀ. ದಾಟಿದ ಮೇಲೆ ಜೆಟ್ ವಿಚಾರ ಮಾಡಿ.

ಸೀಟು ಎಂಟಿದೆ ಎಂದರೆ ಎಂಟು ಜನ ಹೋಗಬಹುದು ಎಂದರ್ಥವಲ್ಲ. ಇದನ್ನು ನಾನು ಎಚ್‌ಎಎಲ್ ನಿಲ್ದಾಣದಲ್ಲಿ ಕಣ್ಣಾರೆ ಕಂಡೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದಾಗ ಏರ್‌ಲೈನ್‌ಗಳೆಲ್ಲ ಅಲ್ಲಿಗೆ ಹೋದವು, ಹಳೆಯ ಎಚ್‌ಎಎಲ್ ಇಂಥ ಚಿಕ್ಕ ವಿಮಾನಗಳಿಗೆ ಉಳಿಯಿತು. ಊರಿನೊಳಗೇ ಇರುವುದರಿಂದ ದೇವನಹಳ್ಳಿಯ ದಾರಿ ಉಳಿಯುತ್ತದೆ, ಅದೇ ಒಂದು ದೊಡ್ಡ ಲಾಭ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಾವು ಏಳು ಜನ, ಜೊತೆಗೆ 40 ಕೆ.ಜಿ. ತೂಕದ ಸ್ಯಾಂಪಲ್ ಎರಕದ ಮರದ ಪೆಟ್ಟಿಗೆ. ಕ್ಯಾಪ್ಟನ್ ಪೆಟ್ಟಿಗೆಯನ್ನು ಕೈಯಲ್ಲಿ ಒಮ್ಮೆ ಅಲುಗಾಡಿಸಿ ನೋಡಿದರು, ಕೊಕ್ಕೆ ತಕ್ಕಡಿ ತರಿಸಿ ತೂಗಿಸಿದರು, ಆಮೇಲೆ ಒಬ್ಬೊಬ್ಬರನ್ನೂ ಕರೆದು ನಮ್ಮ ತೂಕ ಕೇಳಿ ಹಾಳೆಯ ಮೇಲೆ ಬರೆದುಕೊಂಡರು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಎತ್ತರಕ್ಕೂ ಬಿಸಿಲಿಗೂ ಗಾಳಿ ತೆಳುವಾಗುತ್ತದೆ, ವಿಮಾನ ಎತ್ತಬಲ್ಲ ಭಾರ ಇಳಿಯುತ್ತದೆ. "ಪೆಟ್ಟಿಗೆ ಬರಲಿ ಅಂದ್ರೆ ಒಬ್ಬರು ಉಳೀಬೇಕು ಸರ್, ಇಲ್ಲಾಂದ್ರೆ ಎಣ್ಣೆ ಕಮ್ಮಿ ಮಾಡಿ ಮಧ್ಯೆ ಇಳೀಬೇಕು" ಅಂದರು. ಉಳಿದವನು ನಾನು. ಅಂದಿನಿಂದ ದರಪಟ್ಟಿ ಕೇಳುವಾಗಲೇ ಎಲ್ಲರ ತೂಕ, ಸಾಮಾನಿನ ತೂಕ ಬರೆದು ಕಳಿಸುವುದು ನನ್ನ ಪದ್ಧತಿ.

ರನ್‌ವೇಯೇ ಇಲ್ಲದ ಕಡೆಗೆ ಹೆಲಿಕಾಪ್ಟರ್ ಇದೆ. ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಜಕ್ಕೂರಿನಿಂದ ಡೆಕ್ಕನ್ ಏವಿಯೇಷನ್ ಶುರುಮಾಡಿದ್ದು ಇದೇ ಕೊರತೆ ಕಂಡು. ಆದರೆ ಅದು ನಿಧಾನ, ಸೀಟು ಕಡಿಮೆ, ಮಳೆ ಮೋಡಕ್ಕೆ ಬೇಗ ಸೋಲುತ್ತದೆ. ಕಂಪನಿ ಕೆಲಸಕ್ಕೆ ನಾನು ಶಿಫಾರಸು ಮಾಡುವುದು ಕಡಿಮೆ.

ಸ್ವಂತ ವಿಮಾನ

ನಮ್ಮ ನಿರ್ದೇಶಕರ ಮನಸ್ಸಿನಲ್ಲಿದ್ದದ್ದು ಇದೇ. ಹೊಸ ಲೈಟ್ ಜೆಟ್‌ನ ಬೆಲೆ ಒಂದು ಕೋಟಿ ಡಾಲರ್ ಆಸುಪಾಸು, ₹90 ಕೋಟಿ ಎನ್ನೋಣ. 2025ರ ಸೆಪ್ಟೆಂಬರ್‌ನ ಬದಲಾವಣೆಯ ನಂತರ ವೈಯಕ್ತಿಕ ಬಳಕೆಯ ವಿಮಾನಕ್ಕೆ ಜಿಎಸ್‌ಟಿ 40%. ಅದೇ ₹36 ಕೋಟಿ, ಕಟ್ಟಿದ್ದನ್ನು ಮುಂದಿನ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಕೂಡ ಸಿಗುವುದಿಲ್ಲ. ಒಟ್ಟು ₹126 ಕೋಟಿ. ಸಾಲದ ಬಡ್ಡಿ 9% ಹಿಡಿದರೂ ವರ್ಷಕ್ಕೆ ₹11.34 ಕೋಟಿ. ವರ್ಷಕ್ಕೆ 300 ಗಂಟೆ ಹಾರಿಸಿದರೆ ಬಡ್ಡಿಯೊಂದೇ ಗಂಟೆಗೆ ₹3.78 ಲಕ್ಷ. ಎಣ್ಣೆ ಇನ್ನೂ ಹಾಕಿಲ್ಲ, ಪೈಲಟ್‌ಗಳಿಗೆ ಸಂಬಳ ಕೊಟ್ಟಿಲ್ಲ, ಸಿಮ್ಯುಲೇಟರ್ ತರಬೇತಿಗೆ ಕಳಿಸಿಲ್ಲ, ವಿಮೆ, ಹ್ಯಾಂಗರ್, ವಾರ್ಷಿಕ ತಪಾಸಣೆ ಯಾವುದೂ ಆಗಿಲ್ಲ.

ಆದಾಯ ತೆರಿಗೆಯಲ್ಲಿ ವಿಮಾನಕ್ಕೆ 40% ಸವಕಳಿ ಸಿಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ನಿಜ. ಆದರೆ ನೂರು ರೂಪಾಯಿ ಸವಕಳಿ ತೋರಿಸಿದರೆ ಉಳಿಯುವುದು ಅದರ ಮೇಲಿನ ಇಪ್ಪತ್ತೈದು ರೂಪಾಯಿ ತೆರಿಗೆ, ಉಳಿದ ಎಪ್ಪತ್ತೈದು ನಿಮ್ಮ ಕಿಸೆಯಿಂದ ಹೋದದ್ದೇ.

ಇದಕ್ಕೊಂದು ಸುತ್ತುದಾರಿ ಇದೆ: ವಿಮಾನವನ್ನು ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೊಡುವ ನಾನ್-ಶೆಡ್ಯೂಲ್ಡ್ (ವೇಳಾಪಟ್ಟಿಯಿಲ್ಲದೆ ಬಾಡಿಗೆಗೆ ಹಾರಿಸುವ) ಪರವಾನಗಿ, ಅಂದರೆ ಎನ್‌ಎಸ್‌ಒಪಿ ಅಡಿಯಲ್ಲಿ ತರುವುದು. ಆಗ ಆಮದಿನ ಜಿಎಸ್‌ಟಿ 5%, ಖಾಲಿ ದಿನಗಳಲ್ಲಿ ಬಾಡಿಗೆಗೂ ಬಿಡಬಹುದು. ಹುಬ್ಬಳ್ಳಿಯ ವಿಆರ್‌ಎಲ್ ಲಾಜಿಸ್ಟಿಕ್ಸ್ ಲಾರಿ, ಬಸ್ಸುಗಳ ಜೊತೆಗೆ ಹಲವು ವರ್ಷ ಚಾರ್ಟರ್ ವ್ಯವಹಾರವನ್ನೂ ನಡೆಸಿತ್ತು. ಆದರೆ ಇದು ಒಂದು ಪೂರ್ತಿ ವಿಮಾನ ಕಂಪನಿ ನಡೆಸಿದ ಹಾಗೆ. ಬಾಡಿಗೆ ಹೆಸರಿನಲ್ಲಿ ತಂದು ಮಾಲೀಕರೇ ಓಡಾಡಿದರೆ ರಿಯಾಯಿತಿಯ ಷರತ್ತು ಮುರಿದಿರಿ ಎಂದು ಕಸ್ಟಮ್ಸ್ ತಕರಾರು ತೆಗೆಯಬಹುದು, ವ್ಯಾಜ್ಯ ವರ್ಷಗಟ್ಟಲೆ ಎಳೆಯುತ್ತದೆ. ತಿರುವುಮುರುವಾಗಿ, ಖಾಸಗಿ ವರ್ಗದಲ್ಲಿ ನೋಂದಾಯಿಸಿದ ವಿಮಾನವನ್ನು ದುಡ್ಡಿಗೆ ಬಿಡುವುದು ಕಾನೂನುಬಾಹಿರ. ಕಡಿಮೆ ದರಕ್ಕೆ ಅಂಥ ವಿಮಾನ ಕೊಡಲು ಬರುವವರಿದ್ದಾರೆ, ಅವಘಡವಾದರೆ ವಿಮೆಯೂ ನಿಮ್ಮ ಕೈ ಹಿಡಿಯಲಿಕ್ಕಿಲ್ಲ. ಆಪರೇಟರ್‌ನ ಎನ್‌ಎಸ್‌ಒಪಿ ಪತ್ರದಲ್ಲಿ ಅದೇ ವಿಮಾನದ ವಿಟಿ ನಂಬರ್ (ನೋಂದಣಿ ಸಂಖ್ಯೆ) ಇದೆಯೇ ಎಂದು ನೋಡದೆ ಮುಂಗಡ ಕೊಡಬೇಡಿ.

ಒಂದು ವಿಮಾನವನ್ನು ಹಲವರು ಪಾಲು ಹಾಕಿ ಕೊಳ್ಳುವ ಮಾದರಿ ಅಮೆರಿಕದಲ್ಲಿ ಬೆಳೆದದ್ದು 1986ರ ನಂತರ, ನೆಟ್‌ಜೆಟ್ಸ್‌ನ ಮೂಲಕ. ವಾರೆನ್ ಬಫೆಟ್‌ರ ಬರ್ಕ್‌ಷೈರ್ 1998ರಲ್ಲಿ ಆ ಕಂಪನಿಯನ್ನೇ ಕೊಂಡಿತು. ಅಲ್ಲಿ ನೂರಾರು ವಿಮಾನಗಳ ದಂಡು ಇರುವುದರಿಂದ ಎಲ್ಲಿ ಬೇಕೆಂದರೆ ಅಲ್ಲಿ ಒಂದು ಹತ್ತಿರದಲ್ಲೇ ಇರುತ್ತದೆ. ಅಷ್ಟು ದೊಡ್ಡ ದಂಡಿಲ್ಲದ ಕಡೆ ಪಾಲು ಕೊಂಡರೆ ಮತ್ತೆ ಖಾಲಿ ಹಾರಾಟದ ತಾಪತ್ರಯವೇ.

ಹೊರಗಿನವರ ಕಣ್ಣಿಗೆ

2008ರ ನವೆಂಬರ್‌ನಲ್ಲಿ ಜನರಲ್ ಮೋಟರ್ಸ್, ಫೋರ್ಡ್, ಕ್ರೈಸ್ಲರ್ ಮುಖ್ಯಸ್ಥರು ಸರ್ಕಾರದ ನೆರವು ಕೇಳಲು ವಾಷಿಂಗ್ಟನ್‌ಗೆ ಮೂರು ಬೇರೆ ಬೇರೆ ಜೆಟ್‌ಗಳಲ್ಲಿ ಹೋದರು. ಸಂಸದರು ಅದನ್ನೇ ಹಿಡಿದು ಜಾಡಿಸಿದರು. ಡಿಸೆಂಬರ್‌ನಲ್ಲಿ ಮತ್ತೆ ಬಂದಾಗ ಮೂವರೂ ಡೆಟ್ರಾಯ್ಟ್‌ನಿಂದ ಕಾರಿನಲ್ಲಿ ಬಂದರು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡೇವಿಡ್ ಯೆರ್ಮ್ಯಾಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ಗಮನಿಸುವಂಥದ್ದು. ಸಿಇಒಗಳು ಕಂಪನಿ ವಿಮಾನವನ್ನು ಸ್ವಂತಕ್ಕೆ ಬಳಸುವುದನ್ನು ಪ್ರಕಟಿಸಿದ ಕಂಪನಿಗಳ ಷೇರುಗಳು ಮಾರುಕಟ್ಟೆಗಿಂತ ವರ್ಷಕ್ಕೆ 4%ಗೂ ಹೆಚ್ಚು ಹಿಂದೆ ಬಿದ್ದಿದ್ದವು. ವಿಮಾನದಿಂದಲೇ ಹಾಗಾಯಿತು ಎಂದಲ್ಲ, ಅದನ್ನು ಕೇಳುವವರಿಲ್ಲದ ಬೋರ್ಡ್ ಇನ್ನೇನನ್ನೂ ಕೇಳುತ್ತಿರಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಅದಕ್ಕೇ ನಮ್ಮ ನಿಯಮ ಒಂದೇ ಸಾಲಿನದ್ದಾಗಿತ್ತು: ಮದುವೆ, ದೇವಸ್ಥಾನ, ಮನೆಯವರು, ಯಾವುದಕ್ಕೂ ಇಲ್ಲ.

ಷೇರುಪೇಟೆಯ ಮೊದಲ ಸಾವಿರ ಕಂಪನಿಗಳಲ್ಲಿ ನೀವಿದ್ದರೆ ಇನ್ನೊಂದು ಸಂಗತಿ. ಷೇರುಪೇಟೆ ನಿಯಂತ್ರಕ ಸೆಬಿ ಕೇಳುವ ಬಿಆರ್‌ಎಸ್‌ಆರ್ ವರದಿಯಲ್ಲಿ (ಪರಿಸರ, ಸಮಾಜದ ಹೊಣೆಯ ವಾರ್ಷಿಕ ವರದಿ) ಸ್ವಂತ ವಿಮಾನ ಸುಟ್ಟ ಎಣ್ಣೆ ಕಂಪನಿಯ ನೇರ ಹೊರಸೂಸುವಿಕೆಯಲ್ಲಿ ಸೇರುತ್ತದೆ, ಅದನ್ನು ತೋರಿಸಲೇಬೇಕು. ಯುರೋಪಿನ ಟ್ರಾನ್ಸ್‌ಪೋರ್ಟ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯ 2021ರ ಲೆಕ್ಕದಂತೆ ಖಾಸಗಿ ಜೆಟ್ ತಲಾ ಪ್ರಯಾಣಿಕನಿಗೆ ಮಾಮೂಲಿ ವಿಮಾನದ 5ರಿಂದ 14 ಪಟ್ಟು ಮಾಲಿನ್ಯ ಮಾಡುತ್ತದೆ. ಪೂರ್ತಿ ತುಂಬಿದ ಟರ್ಬೊಪ್ರಾಪ್‌ನಲ್ಲಿ ಈ ಅಂತರ ಇಳಿಯುತ್ತದೆ. ಎರಡು ಸೀಟಿಗೆ ವಿಮಾನ ಹಿಡಿಯಬೇಡಿ ಎನ್ನಲು ನನಗೆ ಇದೂ ಒಂದು ಕಾರಣ. ಕಿಲ್ನ್ ನಿಂತಂಥ ದಿನ ಬಿಟ್ಟು.

ಹಿಡಿಯುವ ಮೊದಲು

ವರ್ಷಕ್ಕೆ ಐವತ್ತು ಗಂಟೆಯೊಳಗೆ ಹಾರುವ ಕಂಪನಿ ಬೇಕೆಂದಾಗ ಚಾರ್ಟರ್ ಹಿಡಿಯಲಿ. ಅದಕ್ಕಿಂತ ಹೆಚ್ಚಾದರೆ ಒಬ್ಬನೇ ಆಪರೇಟರ್ ಜೊತೆ ವರ್ಷದ ಗಂಟೆಗಳ ಒಪ್ಪಂದ ಮಾಡಿಕೊಳ್ಳಲಿ, ದರ ಇಳಿಯುತ್ತದೆ, ಪೈಲಟ್‌ಗಳೂ ಪರಿಚಿತರಾಗುತ್ತಾರೆ. ಸ್ವಂತ ವಿಮಾನದ ಮಾತು ದೇಶದ ನಾಲ್ಕೈದು ಮೂಲೆಗಳಲ್ಲಿ ಕಾರ್ಖಾನೆ ಇರುವ ದೊಡ್ಡ ಸಮೂಹಗಳಿಗೆ. ನಮ್ಮಂಥವರಿಗಲ್ಲ, ಬೋರ್ಡ್ ಕೂಡ ಅದನ್ನೊಪ್ಪಿತು.

ಸುರಕ್ಷತೆಯಲ್ಲಿ ಚೌಕಾಸಿ ಬೇಡ. ನಟಿ ಸೌಂದರ್ಯ 2004ರ ಏಪ್ರಿಲ್‌ನಲ್ಲಿ ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಚಿಕ್ಕ ವಿಮಾನ ಬಿದ್ದು ತೀರಿಕೊಂಡದ್ದನ್ನು ನಾವ್ಯಾರೂ ಮರೆತಿಲ್ಲ. ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿ 2009ರ ಸೆಪ್ಟೆಂಬರ್‌ನಲ್ಲಿ ನಲ್ಲಮಲದ ಮೇಲೆ ಕೆಟ್ಟ ಹವೆಯಲ್ಲಿ ಹೆಲಿಕಾಪ್ಟರ್ ಅಪಘಾತಕ್ಕೆ ಬಲಿಯಾದರು. ಇಬ್ಬರು ಪೈಲಟ್ ಇರಲೇಬೇಕು. ಎಂಡಿ ಮತ್ತು ಹಣಕಾಸಿನ ಮುಖ್ಯಸ್ಥರು ಒಂದೇ ವಿಮಾನದಲ್ಲಿ ಕೂರಬಾರದು. ಹವೆ ಸರಿಯಿಲ್ಲ ಎಂದು ಕ್ಯಾಪ್ಟನ್ ಹೇಳಿದ ಮೇಲೆ ನಮ್ಮ ಕಡೆಯವರು ಒಂದು ಮಾತೂ ಆಡಬಾರದು. ಇದನ್ನು ನಾವು ಬರೆದು, ಎಂಡಿಯವರ ಸಹಿ ಹಾಕಿಸಿ ಇಟ್ಟಿದ್ದೆವು.

ಕೊನೆಯದಾಗಿ ವಾಚ್ ಅವರ್, ಅಂದರೆ ನಿಲ್ದಾಣ ತೆರೆದಿರುವ ಹೊತ್ತು. ಚಿಕ್ಕ ನಿಲ್ದಾಣಗಳು ಇಡೀ ದಿನ ತೆರೆದಿರುವುದಿಲ್ಲ, ಹೆಚ್ಚು ಹೊತ್ತು ಬೇಕಿದ್ದರೆ ಮುಂಚೆಯೇ ಅರ್ಜಿ ಹಾಕಿ ಹಣ ಕಟ್ಟಬೇಕು. ಒಂದು ಊರಿನಲ್ಲಿ ನಮ್ಮ ಮಾತುಕತೆ ನಲವತ್ತು ನಿಮಿಷ ಹೆಚ್ಚಾಯಿತು. ನಿಲ್ದಾಣದ ಗೇಟಿಗೆ ಬರುವಷ್ಟರಲ್ಲಿ ಅವಧಿ ಮುಗಿದಿತ್ತು, ಪೈಲಟ್‌ಗಳ ಕರ್ತವ್ಯದ ಗಂಟೆಗಳೂ ಮುಗಿಯುತ್ತಾ ಬಂದಿದ್ದವು. ಏಳು ಜನ ನಾವು, ಇಬ್ಬರು ಅವರು, ಒಂಬತ್ತು ಕೋಣೆ. ಮಾರನೆ ದಿನದ ಕನಿಷ್ಠ ಎರಡು ಗಂಟೆಯ ಬಾಡಿಗೆಯೂ ಬಿಲ್ಲಿಗೆ ಬಂತು. ಉಳಿಸಿದ್ದ ದಿನವೂ ಹೋಯಿತು. ತಪ್ಪು ಯಾರದ್ದೂ ಅಲ್ಲ, ಕೇಳದಿದ್ದ ನನ್ನದು. ಈಗ ದರಪಟ್ಟಿ ಕೈಗೆ ಬಂದ ಕೂಡಲೇ ನಾಲ್ಕು ಸಾಲು ಬರೆದು ಉತ್ತರ ತರಿಸಿಕೊಳ್ಳುತ್ತೇನೆ: ವಿಮಾನ ಎಲ್ಲಿಂದ ಬರುತ್ತದೆ, ದಿನಕ್ಕೆ ಕನಿಷ್ಠ ಎಷ್ಟು ಗಂಟೆಯ ಬಿಲ್ಲು, ಇಳಿಯುವ ಊರಿನ ನಿಲ್ದಾಣ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ರಾತ್ರಿ ಉಳಿಯಬೇಕಾದರೆ ಯಾರು ಎಷ್ಟು ಕೊಡಬೇಕು. ಆ ಮುಚ್ಚುವ ಹೊತ್ತನ್ನು ಮೀಟಿಂಗ್‌ಗೆ ಹೋಗುವ ಎಲ್ಲರ ಫೋನಿಗೂ ಹಿಂದಿನ ರಾತ್ರಿಯೇ ಕಳಿಸಿರುತ್ತೇನೆ, ಅದಕ್ಕೆ ಒಂದೂವರೆ ಗಂಟೆ ಮೊದಲು ಎದ್ದು ಹೊರಡಬೇಕೆಂಬ ಸೂಚನೆಯೊಂದಿಗೆ.